ಗೋಡೆಯ ಪಟದ ದೋಣಿಯೂ ನೇತ್ರಾವತಿಯ ಓಡವೂ

ಉಜಿರೆ, ಬೆಳ್ತಂಗಡಿ, ಬಂಟವಾಳಗಳ ಕಡೆಯ ಮನೆಗಳ ಚಾವಡಿಯಲ್ಲಿ ದೇವರ ಪಟ ಹಾಗೂ ಹಿರಿಯರ ಭಾವಚಿತ್ರಗಳ ಸಾಲಿನಾಚೆ, ಕೇವಲ ಅಂದಕ್ಕೆಂದು ಕಟ್ಟು ಹಾಕಿಸಿ ತೂಗಿದ ಪಟವೊಂದು ಇರುವುದುಂಟು. ಹಲವು ವೇಳೆ ಅದರಲ್ಲಿ ಕಾಣುವುದು ದೋಣಿ: ನಿಶ್ಚಲವಾದ ಕಾಲುವೆ, ಇಕ್ಕೆಲಗಳಲ್ಲಿ ಕಟ್ಟಡಗಳು ಇಲ್ಲವೆ ತೆಂಗಿನ ಸಾಲು, ಹುಟ್ಟು ಹಿಡಿದು ನಿಂತ ಅಂಬಿಗ. ಕಟ್ಟಡಗಳಿದ್ದರೆ ಅದು ವೆನಿಸ್ ನಗರ. ತೆಂಗುಗಳಿದ್ದರೆ ಆಲಪ್ಪುಳದ ಹಿನ್ನೀರು. ಮನೆಯಿಂದ ಅನತಿದೂರದಲ್ಲಿ ಹರಿಯುತ್ತ ಬಹುಕಾಲ ಈ ಸೀಮೆಯ ಸರಕನ್ನು ಹೊತ್ತ ನೇತ್ರಾವತಿಯ ಓಡವು ಆ ಚೌಕಟ್ಟಿನೊಳಗೆ ಕಾಣಸಿಗುವುದು ಮಾತ್ರ ವಿರಳ. ಹೀಗಾಗಲು ಕಾರಣವೇನು, ಇತಿಹಾಸದ ವಿದ್ಯಾರ್ಥಿಯು ಇಂತಹ ಪಟವನ್ನು ಯಾವುದಕ್ಕೆ ಸಾಕ್ಷ್ಯವೆಂದು ಗ್ರಹಿಸಬೇಕು ಎಂಬೆರಡು ಪ್ರಶ್ನೆಗಳನ್ನು ಇಲ್ಲಿ ವಿಚಾರಿಸಲಾಗಿದೆ.

ಕಾಲುವೆಯ ದೋಣಿಯ ಚಿತ್ರವು ಗೋಡೆಯ ಅಲಂಕಾರವಾಗಿ, ಮಾರಾಟದ ಸರಕಾಗಿ ಪ್ರಸಿದ್ಧಿಗೆ ಬಂದುದು 18ನೆಯ ಶತಮಾನದ ವೆನಿಸ್ಸಿನಲ್ಲಿ. ಅಲ್ಲಿನ ಚಿತ್ರಕಾರ ಕನಲೆಟ್ಟೊ (1697-1768) ಮಹಾಕಾಲುವೆಯನ್ನೂ ಅದರ ಮೇಲೆ ಸಂಚರಿಸುವ ಗೊಂಡೋಲಾಗಳನ್ನೂ ಮತ್ತೆ ಮತ್ತೆ ಬರೆದನು. ಕೊಂಡವರಲ್ಲಿ ಬಹುಮಂದಿ ಇಂಗ್ಲೆಂಡಿನ ಧನಿಕ ಪ್ರವಾಸಿಗರು. ವ್ಯವಹಾರವನ್ನು ಕುದುರಿಸಿದವನು ಜೋಸೆಫ್ ಸ್ಮಿತ್ ಎಂಬ ಇಂಗ್ಲಿಷ್ ವರ್ತಕ. 1735ರಲ್ಲಿ ಅಂತೋನಿಯೊ ವಿಸೆಂತಿನಿಯು ಈ ದೃಶ್ಯಗಳಲ್ಲಿ 14ನ್ನು ತಾಮ್ರಫಲಕಗಳ ಮೇಲೆ ಕೊರೆದು ಅಚ್ಚು ಹಾಕಿಸಿದನು. ಹೀಗೆ ಅದೇ ದೃಶ್ಯವು ಅಗ್ಗದ ಮುದ್ರಣದಲ್ಲಿ ಇನ್ನಷ್ಟು ಗೋಡೆಗಳಿಗೆ ದೊರಕಿತು. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಪಟವನ್ನು ಕೊಂಡವನು ದೋಣಿ ನಡೆಸಿದವನಲ್ಲ, ಅದರಲ್ಲಿ ಕುಳಿತು ವಿಹರಿಸಿದವನು.

ಇಷ್ಟರಿಂದಲೇ ಅಂತಹ ಚಿತ್ರಗಳು ಇತಿಹಾಸಕ್ಕೆ ನಿರುಪಯುಕ್ತವೆನ್ನಲಾಗದು. ಕನಲೆಟ್ಟೊವಿನ ಚಿತ್ರಗಳಲ್ಲಿ ಗೋಡೆಗಳ ಬುಡದಲ್ಲಿ ಕಾಣುವ ಪಾಚಿಯ ಗೆರೆಯನ್ನು ಇಂದಿನ ಗೆರೆಯೊಂದಿಗೆ ಹೋಲಿಸಿ, ಇಟಲಿಯ ವಿಜ್ಞಾನಿ ಡಾರಿಯೊ ಕಮುಫೋ ಅವರು ಅಂದಿನಿಂದೀಚೆಗೆ ವೆನಿಸ್ಸಿನಲ್ಲಿ ನೀರಿನ ಮಟ್ಟವು 60 ಸೆಂಟಿಮೀಟರಿಗೂ ಮಿಕ್ಕಿ ಏರಿದೆಯೆಂದು ತೋರಿಸಿಕೊಟ್ಟರು. ಚಿತ್ರಕಾರನು ಉದ್ದೇಶಿಸದೆ ಉಳಿಸಿಹೋದ ಸಾಕ್ಷ್ಯವಿದು. ಬಂಟವಾಳದ ಪೇಟೆಯ ಅಂತಹದೊಂದು ನಿಷ್ಕೃಷ್ಟ ಚಿತ್ರ ನಮಗಿದ್ದಲ್ಲಿ 1923ರ ಮತ್ತು 1974ರ ನೆರೆಗಳನ್ನು ಅದರ ಮುಂದಿಟ್ಟು ಅಳೆಯಬಹುದಾಗಿದ್ದಿತು.

ಇನ್ನು ನಮ್ಮ ನಾಡಿನ ಮಾತು. ತುಳುನಾಡಿನಲ್ಲಿ ಕಾಲುವೆಯೆಂದರೆ ತೋಡು. ಅದು ಗದ್ದೆಗೆ ನೀರುಣಿಸುವುದಕ್ಕೇ ಹೊರತು ದೋಣಿ ನಡೆಸುವುದಕ್ಕಲ್ಲ. 1623ರಲ್ಲಿ ಈ ಸೀಮೆಗೆ ಬಂದ ರೋಮಿನ ಪ್ರವಾಸಿ ಪಿಯೆತ್ರೊ ದೆಲ್ಲ ವಾಲ್ಲೆಯು ಉಳ್ಳಾಲದ ರಾಣಿಯನ್ನು ಮಣೇಲಿನಲ್ಲಿ ಕಂಡಾಗ ಆಕೆ ಬರಿಗಾಲಿನಲ್ಲಿ, ಓಲೆಗೊಡೆಯ ನೆರಳಿನಲ್ಲಿ, ಬೇಸಾಯಕ್ಕೆ ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸವನ್ನು ನೋಡಲು ಹೊರಟಿದ್ದಳು. ಮದರಾಸು ಪ್ರಾಂತದ ಪೂರ್ವ ಕರಾವಳಿಯಲ್ಲಿ ಬಕಿಂಗ್‌ಹ್ಯಾಮ್ ಕಾಲುವೆಯಂತಹ ಜಲಮಾರ್ಗಗಳು ನಿರ್ಮಾಣವಾದವು. ಆದರೆ ಅದೇ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ಆ ಕೆಲಸವನ್ನು ಹೊಳೆಗಳೇ ನಿರ್ವಹಿಸುತ್ತಿದ್ದವು.

ಅವುಗಳಲ್ಲಿ ನೇತ್ರಾವತಿಯದು ಹಿರಿಯ ಪಾತ್ರ. ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಸುಮಾರು 100 ಕಿಲೋಮೀಟರು ಹರಿದು ಮಂಗಳೂರಿನಲ್ಲಿ ಕಡಲನ್ನು ಸೇರುವ ಈ ನದಿಯಲ್ಲಿ ಬಂಟವಾಳವು ದೋಣಿ ಸಂಚಾರದ ಮುಖ್ಯ ನೆಲೆಯಾಗಿದ್ದಿತು. ಘಟ್ಟದ ಮೇಲಣ ಕಾಫಿಯು ಚಾರ್ಮಾಡಿ ಘಾಟಿಯನ್ನಿಳಿದು ಉಜಿರೆ, ಬೆಳ್ತಂಗಡಿಗಳ ಮಾರ್ಗವಾಗಿ ಎತ್ತಿನ ಗಾಡಿಗಳಲ್ಲಿ ಬಂಟವಾಳಕ್ಕೆ ಬಂದು, ಅಲ್ಲಿಂದ ಮಂಗಳೂರಿನ ಬಂದರಕ್ಕೆ ಸಾಗುತ್ತಿದ್ದಿತು. ಅಕ್ಕಿ, ಅಡಕೆಗಳು ಕೆಳಗಿಳಿದರೆ ಉಪ್ಪು, ಒಣಮೀನುಗಳು ಮೇಲೇರಿದವು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದ ಬಳಿಕ ಆವೆಮಣ್ಣು, ಸೌದೆ, ಹಂಚುಗಳೂ ದೋಣಿಯ ಸರಕಾದವು. ವಾಚಕರು ನೆನಪಿನಲ್ಲಿಡಬೇಕಾದುದೇನೆಂದರೆ ಈ ನೀರು ಕಾಲುವೆಯ ನೀರಲ್ಲ. ಮಳೆಗಾಲದಲ್ಲಿ ಸೆಳೆತ, ಬೇಸಗೆಯಲ್ಲಿ ಹೊಯ್ಗೆಯ ದಿಣ್ಣೆ. ಕೆಳಭಾಗದಲ್ಲಿ ಉಬ್ಬರವಿಳಿತವನ್ನು ನೋಡಿ ಹೊರಡಬೇಕು. ಆಳ ಕಡಮೆಯಾದಲ್ಲಿ ಹುಟ್ಟು ಸಾಲದು, ಬಿದಿರಿನ ಗಳುವನ್ನೇ ಊರಿ ತಳ್ಳಬೇಕು. ಕಡವುಗಳಲ್ಲಿ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ ‘ಜಂಗಲ್’ ಎಂಬ ಸಾಧನದಲ್ಲಿ ಗಾಡಿಗಳನ್ನು ದಾಟಿಸುತ್ತಿದ್ದರು. ಪಟದಲ್ಲಿನ ಅಂಬಿಗನ ನಿರಾಯಾಸವಾದ ನಿಲವಿಗೂ ಈ ದುಡಿಮೆಗೂ ಸಾಮ್ಯವು ಬಹಳ ಸ್ವಲ್ಪ.

ಹೀಗಿದ್ದರೂ ಅದು ಚಿತ್ರಕ್ಕೆ ವಸ್ತುವಾಗಲಿಲ್ಲವೇಕೆ? ಕಲ್ಕತ್ತೆಯಲ್ಲಿ 1791ರಿಂದ 1803ರವರೆಗೆ ನೆಲಸಿದ್ದ ಫ್ಲೆಮಿಶ್ ಚಿತ್ರಕಾರ ಸಾಲ್ವಿನ್ಸನು ಬಂಗಾಳದ ನದಿಗಳ ದೋಣಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಬರೆದನು. ನಮ್ಮ ಕಡೆಗೆ ಅದೇ ಕಾಲದಲ್ಲಿ ಚಿತ್ರಕಾರರನ್ನು ಎಳೆದು ತಂದುದು ಟಿಪ್ಪುವಿನೊಡನೆ ನಡೆದ ಯುದ್ಧ. ರಾಬರ್ಟ್ ಹೋಮನ ಚಿತ್ರಸಂಪುಟ (1794), ಜೇಮ್ಸ್ ಹಂಟರನ ಸಂಪುಟ (1805) ಇವೆರಡರ ಮುಖ್ಯ ವಸ್ತುವೂ ಮೈಸೂರಿನ ಗಿರಿದುರ್ಗಗಳು, ಕೋಟೆಕೊತ್ತಲಗಳು. 1801ರಲ್ಲಿ ಮಂಗಳೂರಿನಿಂದ ಹೊರಟು ಬಂಟವಾಳ, ಬೆಳ್ತಂಗಡಿ, ವೇಣೂರು, ಮೂಡಬಿದಿರೆಗಳ ಮೂಲಕ ಸಾಗಿದ ಬುಕಾನನ್ ಸೂಕ್ಷ್ಮದರ್ಶಿ. ಆದರೆ ಆತನಿಗೆ ವಿಧಿಸಿದ್ದ ಕಾರ್ಯ ಬೆಳೆ, ಕಂದಾಯ, ಕೈಗಾರಿಕೆಗಳ ಸಮೀಕ್ಷೆ. ದೋಣಿಯ ರಚನೆಯನ್ನು ಶಾಸ್ತ್ರೀಯವಾಗಿ ಪರಿಶೀಲಿಸುವ ಕೆಲಸಕ್ಕೆ ಜೇಮ್ಸ್ ಹಾರ್ನೆಲರ 1920ರ ಪ್ರಬಂಧದ ತನಕ ಕಾಯಬೇಕಾಯಿತು. ಅಷ್ಟರಲ್ಲಿ, 1907ರಲ್ಲಿ, ಮಂಗಳೂರಿಗೆ ರೈಲು ಬಂದಾಗಿದ್ದಿತು. ಮುಂದೆ ಸೇತುವೆಗಳೂ ಮೋಟಾರು ಲಾರಿಗಳೂ ಹೊಳೆಯ ದಾರಿಯನ್ನು ನಿರುಪಯೋಗಿಯಾಗಿಸಿದವು.

ಸ್ಥಳೀಯ ಕಲೆಯತ್ತ ತಿರುಗಿದರೂ ಒಂದು ವಿಚಿತ್ರವು ಕಾಣುತ್ತದೆ. 1430ರಲ್ಲಿ ನಿರ್ಮಾಣವಾದ ಮೂಡಬಿದಿರೆಯ ಸಾವಿರಕಂಬದ ಬಸದಿಯಲ್ಲಿ ಜಿರಾಫೆಯೆಂದೂ ಚೀನದ ಡ್ರ್ಯಾಗನ್ನೆಂದೂ ಗುರುತಿಸಲಾಗುವ ಶಿಲ್ಪಗಳನ್ನು ಸಂದರ್ಶಕರಿಗೆ ಇಂದಿಗೂ ಬೊಟ್ಟುಮಾಡಿ ತೋರಿಸುತ್ತಾರೆ. ಆ ಗುರುತು ಸರಿಯಾದಲ್ಲಿ ಈ ರೂಪಗಳು ಇಲ್ಲಿಯವರೆಗೆ ಬಂದುದು ಕಡಲವ್ಯಾಪಾರದಿಂದಲೇ. ಶಿಲ್ಪಿಗೆ ದಿನವೂ ಕಾಣುವ ವಾಹನಕ್ಕಿಂತ ಅದು ತಂದ ಅಪೂರ್ವ ವಸ್ತುವು ಹೆಚ್ಚು ಆಕರ್ಷಕವಾಗಿ ತೋರಿದ್ದರೆ ಅದು ಸಹಜವೇ. ನಮ್ಮ ಚಾವಡಿಯ ಗೊಂಡೋಲಾದ ಕಥೆಯೂ ಪ್ರಾಯಶಃ ಇದಕ್ಕಿಂತ ಬೇರೆಯಲ್ಲ. ಆದುದರಿಂದ ಆ ಪಟವನ್ನು ದೋಣಿಯ ಇತಿಹಾಸಕ್ಕಿಂತ ಮನೆಯವರ ಅಭಿರುಚಿಯ ಇತಿಹಾಸಕ್ಕೆ ಆಕರವೆಂದು ತಿಳಿಯುವುದು ಯುಕ್ತ. ಓಡದ ಇತಿಹಾಸವನ್ನು ಅರಸುವವರು ಬಂದರದ ಲೆಕ್ಕಪತ್ರಗಳನ್ನೂ ಕಡವುಗಳ ಹರಾಜಿನ ಕಡತಗಳನ್ನೂ ಮುದುಕರ ನಾಲಗೆಯ ಮೇಲಿರುವ ತುಳು ಶಬ್ದಗಳನ್ನೂ ಹುಡುಕಬೇಕು. ಮೂರನೆಯದಕ್ಕೆ ಉಳಿದಿರುವ ಅವಕಾಶ ಹೆಚ್ಚಿಲ್ಲ.

ಈಚೆಗೆ ಒಂದು ಅಪವಾದವು ಕಂಡುಬಂದಿದೆ. ಕಾರ್ಕಳದಾಚೆಯ ವರಂಗದ ಕೆರೆಬಸದಿಗೆ ದೋಣಿಯಲ್ಲಿಯೇ ಹೋಗಬೇಕಾದುದರಿಂದ, ಕೆರೆಯನ್ನು ದಾಟುವ ಆ ಸಣ್ಣ ದೋಣಿಯ ಛಾಯಾಚಿತ್ರವು ಜನಪ್ರಿಯವಾಗಿದೆ. ಅಲ್ಲಿಯೂ ನೀರು ನಿಶ್ಚಲ, ಕುಳಿತವನು ಯಾತ್ರಿಕ. ಬಸದಿಯ ನೆರಳು ನೀರಿನಲ್ಲಿ ಸ್ಪಷ್ಟವಾಗಿ ಮೂಡಿರುತ್ತದೆ. ನೇತ್ರಾವತಿಯಲ್ಲಿಯಾದರೋ, ತುಂಬೆಯಲ್ಲಿ ಮಂಗಳೂರಿನ ಕುಡಿಯುವ ನೀರಿಗಾಗಿ ಕಿಂಡಿ ಅಣೆಕಟ್ಟು ಅಡ್ಡ ನಿಂತಿದೆ. ಈ ಹೊಳೆಯಲ್ಲಿ ಇಂದಿಗೂ ದುಡಿಯುವ ದೋಣಿಗಳಲ್ಲಿ ಹೊಯ್ಗೆ ತೆಗೆಯುವವು ಮುಖ್ಯವಾದವು. ಅವುಗಳ ಚಿತ್ರಗಳು ವೃತ್ತಪತ್ರಿಕೆಗಳಲ್ಲಿ ಆಗಾಗ್ಗೆ ಅಚ್ಚಾಗುತ್ತವೆ, ಅಧಿಕಾರಿಗಳು ಅವನ್ನು ವಶಪಡಿಸಿಕೊಂಡ ಸಂದರ್ಭದಲ್ಲಿ.