ಒಂದು ಪದದ ವ್ಯಾಜ್ಯ

ಪುಣ್ಯಕಾರ್ಯ ಎಷ್ಟಾದರೆ ಸಾಕು? ಈ ತಳಮಳದಲ್ಲಿ ಬೆಂದವನು ಮಾರ್ಟಿನ್ ಲೂಥರ್. ಅವನು 1522ರಲ್ಲಿ ಹೊಸ ಒಡಂಬಡಿಕೆಯನ್ನು ಜರ್ಮನ್ ಭಾಷೆಗೆ ತಂದಾಗ, ಮನುಷ್ಯನು ನೀತಿವಂತನೆನಿಸುವುದು ನಂಬಿಕೆಯಿಂದ ಎಂಬ ಪೌಲನ ಮಾತಿಗೆ ಗ್ರೀಕ್ ಮೂಲದಲ್ಲಿಲ್ಲದ ‘ಮಾತ್ರ’ವನ್ನು ಸೇರಿಸಿದನು. ವಿರೋಧಿಗಳು ಕೆರಳಿದರು. 1530ರಲ್ಲಿ ಅವನಿತ್ತ ಉತ್ತರ ಅನುವಾದಕರೆಲ್ಲ ಓದತಕ್ಕದ್ದು: ಪೌಲನ ಆಶಯವೂ ಜರ್ಮನ್ ನುಡಿಯ ಜಾಯಮಾನವೂ ಆ ಪದವನ್ನು ಬೇಡುತ್ತವೆ, ಮನೆಯ ತಾಯಿ, ಬೀದಿಯ ಮಕ್ಕಳು ಆಡುವ ಮಾತಿಗೆ ಕಿವಿಗೊಡಬೇಕು. ವಿಚಿತ್ರವೆಂದರೆ, ಬೈಬಲಿನ ಮೂಲದಲ್ಲಿ ‘ನಂಬಿಕೆ ಮಾತ್ರ’ ಎಂಬುದು ಬರುವುದು ಯಾಕೋಬನ ಪತ್ರದಲ್ಲೊಂದೇ ಕಡೆ, ಅದೂ ನಿಷೇಧಾರ್ಥದಲ್ಲಿ! ಲೂಥರನು ಅದನ್ನು ಹುಲ್ಲಿನ ಪತ್ರವೆಂದದ್ದು ಸುಮ್ಮನಲ್ಲ. 1547ರಲ್ಲಿ ಟ್ರೆಂಟ್ ಮಹಾಸಭೆ ಅವನ ವಾದವನ್ನು ಖಂಡಿಸಿತು. ಕ್ಯಾಥೊಲಿಕರೂ ಲೂಥರನ್ನರೂ ಔಗ್ಸ್‌ಬರ್ಗಿನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದ್ದು 1999ರಲ್ಲಿ. ಅದರ ಅನುಬಂಧದಲ್ಲಿ ಆ ‘ಮಾತ್ರ’ ಉಳಿದುಕೊಂಡಿದೆ.