ಚಾವಡಿಯ ವಹಿಯಿಂದ ಫೋನಿನ ಪರದೆಗೆ: ಜತ್ತ ಸೀಮೆಯ ಪೀಕ ಪಾಹಣಿ

ಸಾಂಗ್ಲಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿರುವ ಜತ್ತ ತಾಲೂಕಿನಲ್ಲಿ ಯಾವ ಹೊಲದಲ್ಲಿ ಯಾವ ಬೆಳೆ ನಿಂತಿದೆ ಎಂಬುದನ್ನು ಸರ್ಕಾರದ ಲೆಕ್ಕಕ್ಕೆ ಬರೆಯಿಸುವ ಕೆಲಸ ಇಂದು ಬಹುಮಟ್ಟಿಗೆ ರೈತನ ಮೊಬೈಲಿನಲ್ಲೇ ನಡೆಯುತ್ತದೆ. ಮಹಾರಾಷ್ಟ್ರ ಸರ್ಕಾರವು ಟಾಟಾ ಟ್ರಸ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ ರೂಪಿಸಿ 2021ರ ಆಗಸ್ಟ್ 15ರಿಂದ ರಾಜ್ಯದಾದ್ಯಂತ ಜಾರಿಗೆ ತಂದ ‘ಇ-ಪೀಕ್ ಪಾಹಣಿ’ ಎಂಬ ಆ್ಯಪ್ ಇದಕ್ಕೆ ಸಾಧನ. ಪೀಕೆಂದರೆ ಬೆಳೆ, ಪಾಹಣಿಯೆಂದರೆ ಸ್ಥಳಕ್ಕೆ ಹೋಗಿ ನೋಡುವುದು. ಎರಡೂ ಮಾತು ಗಡಿಯ ಕರ್ನಾಟಕದ ಕಡೆಯ ಕನ್ನಡಿಗರಿಗೂ ಹೊಸವಲ್ಲ. ಈ ಆ್ಯಪ್ ಕೈಕೊಡುವ ಬಗೆಗಳನ್ನು ಗಮನಿಸಿದರೆ ಅವುಗಳಲ್ಲಿ ಹೆಚ್ಚಿನವು ಯಂತ್ರದ ದೋಷಗಳಲ್ಲ, ಅದಕ್ಕಿಂತ ಬಹಳ ಹಿಂದೆಯೇ ಕಂದಾಯದ ವಹಿಗಳಲ್ಲಿ ಸೇರಿಕೊಂಡ ತೊಡಕುಗಳು ಎಂಬುದು ತಿಳಿಯುತ್ತದೆ.

ಜತ್ತವು ಡಫಳೆ ಮನೆತನದ ಸಂಸ್ಥಾನವಾಗಿತ್ತು. 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡ ಮೇಲೆ ಅದು 1949ರಲ್ಲಿ ರಚನೆಯಾದ ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಗೆ ಸಾಂಗ್ಲಿ ಎಂಬ ಹೆಸರು ಬಂದದ್ದು 1960ರಲ್ಲಿ. ಆಡುಮಾತು ಕನ್ನಡವಾಗಿದ್ದ ಉಮದಿ, ಸಂಖ, ಗುಡ್ಡಾಪುರದಂಥ ಊರುಗಳಲ್ಲೂ ಲೆಕ್ಕದ ಭಾಷೆ ಮರಾಠಿಯೇ ಆಗಿತ್ತು. ಊರಿನ ಲೆಕ್ಕ ವಂಶಪಾರಂಪರ್ಯವಾಗಿ ಕುಲಕರ್ಣಿಗಳ ಕೈಯಲ್ಲಿತ್ತು. ಮುಂಬಯಿ ಸರ್ಕಾರವು 1950ರ ಕಾಯ್ದೆಯಿಂದ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು ರದ್ದುಪಡಿಸಿದಾಗ ಸಂಬಳದ ನೌಕರನಾದ ತಲಾಠಿ ಆ ಜಾಗವನ್ನು ಪೂರ್ತಿಯಾಗಿ ತುಂಬಿದನು.

ತಲಾಠಿಯ ಕೈಗೆ ಬಂದ ವಹಿಗಳಲ್ಲಿ ರೈತನಿಗೆ ಅತಿ ಹತ್ತಿರವಾದವು ಎರಡು. ಗ್ರಾಮ ನಮೂನೆ 7 ಹೊಲದ ಒಡೆತನ, ಕ್ಷೇತ್ರ ಮತ್ತು ಋಣಭಾರಗಳನ್ನು ಹೇಳಿದರೆ, ನಮೂನೆ 12 ಆ ಹೊಲದಲ್ಲಿ ಹಂಗಾಮು ಹಂಗಾಮಿಗೆ ನಿಂತ ಬೆಳೆ, ನೀರಾವರಿಯ ಮೂಲ, ಮಿಶ್ರ ಬೆಳೆಯ ಪಾಲು, ಬೀಳುಬಿಟ್ಟ ನೆಲ ಇವನ್ನು ಹೇಳುತ್ತದೆ; ಎರಡನ್ನೂ ಕೂಡಿಸಿ ಕೊಡುವ ನಕಲೇ ‘ಸಾತ್‌ಬಾರಾ ಉತಾರಾ’, ಕರ್ನಾಟಕದ ಪಹಣಿ ಪತ್ರಿಕೆಗೆ ಸಮನಾದದ್ದು. 1903ರ ಮುಂಬಯಿ ಹಕ್ಕುದಾಖಲೆ ಕಾಯ್ದೆಯಿಂದ ಮೊದಲಾದ ಈ ಪರಂಪರೆಗೆ 1966ರ ಮಹಾರಾಷ್ಟ್ರ ಭೂಕಂದಾಯ ಸಂಹಿತೆ ಮತ್ತು 1971ರ ನಿಯಮಗಳು ಈಗಿನ ರೂಪ ಕೊಟ್ಟವು. ನಿಯಮದ ಪ್ರಕಾರ ತಲಾಠಿಯು ಮುಂಚಿತವಾಗಿ ತಿಳಿಸಿ, ಬೆಳೆ ನಿಂತಿರುವಾಗಲೇ ಹೊಲಕ್ಕೆ ಹೋಗಿ ನೋಡಿ ಬರೆಯಬೇಕು. ಆದರೆ ಒಂದು ಸಜೆಯಲ್ಲಿ, ಎಂದರೆ ಒಬ್ಬ ತಲಾಠಿಯ ವ್ಯಾಪ್ತಿಯಲ್ಲಿ, ಎರಡು ಮೂರು ಊರುಗಳಿದ್ದಾಗ ಚಾವಡಿಯಲ್ಲಿ ಕುಳಿತು ಹಿಂದಿನ ವರ್ಷದ ಬೆಳೆಯನ್ನೇ ಮುಂದಿನ ವರ್ಷಕ್ಕೂ ಇಳಿಸುವುದು ಸುಲಭದ ದಾರಿಯಾಯಿತು. ಸುಮಾರು 500 ಮಿ.ಮೀ. ಮಳೆಯನ್ನು ನೆಚ್ಚಿಕೊಂಡ, ಬರ ಬಿದ್ದ ವರ್ಷ ಬಿತ್ತನೆಯೇ ತಪ್ಪುವ ಜತ್ತದಂಥ ಸೀಮೆಯಲ್ಲಿ ಇಂಥ ನಕಲು ಸಣ್ಣ ಅಪರಾಧವೇನಲ್ಲ. ಬೆಳೆಸಾಲ, ವಿಮೆ, ಬೆಳೆಹಾನಿಯ ಪರಿಹಾರ, ಬೆಂಬಲ ಬೆಲೆಯ ಖರೀದಿ ಎಲ್ಲವೂ ಆ ಒಂದು ನಮೂದನ್ನು ನೋಡುತ್ತವೆ.

ಇ-ಪೀಕ್ ಪಾಹಣಿ ಬಂದ ಮೇಲೆ ತಲಾಠಿಯಿಂದ ರೈತನಿಗೆ ದಾಟಿದ ಈ ಕೆಲಸದ ಕ್ರಮ ಹೀಗಿದೆ. ಆ್ಯಪನ್ನು ಇಳಿಸಿಕೊಂಡು ಮೊಬೈಲ್ ಸಂಖ್ಯೆ ಕೊಟ್ಟು, ಪುಣೆ ವಿಭಾಗ, ಸಾಂಗ್ಲಿ ಜಿಲ್ಲೆ, ಜತ್ತ ತಾಲೂಕು, ತನ್ನ ಊರು ಎಂದು ಒಂದೊಂದಾಗಿ ಆಯ್ದು, ಹೆಸರಿನಿಂದಲೋ ಖಾತೆ ಸಂಖ್ಯೆಯಿಂದಲೋ ಗಟ್ ಸಂಖ್ಯೆಯಿಂದಲೋ ತನ್ನ ಖಾತೆಯನ್ನು ಹುಡುಕಬೇಕು. ಗಟ್ ಎಂಬುದು 1947ರ ಹಿಡುವಳಿ ಏಕೀಕರಣ ಕಾಯ್ದೆಯ ಪ್ರಕಾರ ತುಂಡು ಹೊಲಗಳನ್ನು ಒಟ್ಟುಗೂಡಿಸಿದಾಗ ಹಳೆಯ ಸರ್ವೆ ನಂಬರಿನ ಬದಲಿಗೆ ಕೊಟ್ಟ ಸಂಖ್ಯೆ. ಮೊದಲ ತೊಡಕು ಎದುರಾಗುವುದು ಇಲ್ಲಿಯೇ. ಮರಾಠಿ ವಹಿಯ ದೇವನಾಗರಿಯಲ್ಲಿ ಹ್ರಸ್ವ ಎಕಾರ, ಒಕಾರಗಳಿಗೆ ಬೇರೆ ಅಕ್ಷರವಿಲ್ಲದ ಕಾರಣ ಕನ್ನಡದ ಹೆಸರುಗಳು ಒಬ್ಬ ತಲಾಠಿಯ ಕಾಲದಲ್ಲಿ ಒಂದು ರೀತಿ, ಇನ್ನೊಬ್ಬನ ಕಾಲದಲ್ಲಿ ಇನ್ನೊಂದು ರೀತಿ ಬರೆಯಲ್ಪಡುವುದಕ್ಕೆ ಅವಕಾಶವಿತ್ತು. ಯಲ್ಲಪ್ಪ, ಕೆಂಚಪ್ಪ, ಹೊನ್ನವ್ವ ಎಂಬಂಥ ಹೆಸರುಗಳು ವಹಿಯಲ್ಲಿ ಯಾವ ರೂಪ ತಾಳಿವೆಯೋ ಆ ರೂಪದಲ್ಲೇ ಹುಡುಕದ ಹೊರತು ಆ್ಯಪ್ ಖಾತೆದಾರನನ್ನು ಗುರುತಿಸುವುದಿಲ್ಲ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ ಓದಿದವನಿಗೆ ಇದು ಇನ್ನಷ್ಟು ಕಷ್ಟ. ಹೆಸರಿನ ಗೋಜಿಗೆ ಹೋಗದೆ ಖಾತೆ ಸಂಖ್ಯೆ ಅಥವಾ ಗಟ್ ಸಂಖ್ಯೆಯಿಂದ ಹುಡುಕುವುದೇ ಇದಕ್ಕೆ ಪರಿಹಾರ. ಖಾತೆ ಸಿಕ್ಕ ಮೇಲೆ ನಾಲ್ಕಂಕಿಯ ಸಂಕೇತ ಸಂಖ್ಯೆಯೊಂದರಿಂದ ಒಳಗೆ ಹೋಗಬೇಕು. ಅದನ್ನು ಮರೆತರೆ ಮತ್ತೆ ಪಡೆಯುವ ಅನುಕೂಲವನ್ನು ಆ್ಯಪಿನಲ್ಲೇ ಇರಿಸಲಾಗಿದೆ.

ಎರಡನೆಯದು ಅಳತೆಯ ತೊಡಕು, ಇದು ಮೊದಲನೆಯದಕ್ಕಿಂತ ಮೋಸದ್ದು. ರೈತನ ಲೆಕ್ಕ ಎಕರೆ, ಗುಂಟೆಗಳಲ್ಲಿ. ಉತಾರದ ಮತ್ತು ಆ್ಯಪಿನ ಲೆಕ್ಕ ಹೆಕ್ಟೇರ್, ಆರ್‌ಗಳಲ್ಲಿ. ಒಂದು ಗುಂಟೆಯೂ ಒಂದು ಆರ್ ಕೂಡ ಹೆಚ್ಚುಕಡಿಮೆ ಒಂದೇ ಅಳತೆಯವಾದರೂ 40 ಗುಂಟೆ ಕೂಡಿದರೆ ಎಕರೆ, 100 ಆರ್ ಕೂಡಿದರೆ ಹೆಕ್ಟೇರ್. ಎರಡು ಎಕರೆ ಇಪ್ಪತ್ತು ಗುಂಟೆಯಲ್ಲಿ ಸಜ್ಜೆ ಬಿತ್ತಿದವನು 2.20 ಎಂದು ತುಂಬಿದರೆ ಅದು ಐದು ಎಕರೆಗೂ ಮೀರುತ್ತದೆ. ಅವನು ತುಂಬಬೇಕಾದದ್ದು 1.01. ಖಾತೆಯ ಒಟ್ಟು ಕ್ಷೇತ್ರ ಚಿಕ್ಕದಿದ್ದರೆ ಆ್ಯಪ್ ತಡೆಯುತ್ತದೆ, ದೊಡ್ಡದಿದ್ದರೆ ತಪ್ಪು ಸದ್ದಿಲ್ಲದೆ ಉತಾರಕ್ಕೆ ಇಳಿಯುತ್ತದೆ. ಮಿಶ್ರ ಬೆಳೆಯಲ್ಲಿ ಈ ಕಷ್ಟ ಇಮ್ಮಡಿಯಾಗುತ್ತದೆ, ಏಕೆಂದರೆ ಸಜ್ಜೆಯ ನಡುವೆ ತೊಗರಿಯ ಅಕ್ಕಡಿ ಸಾಲು ಹಾಕುವವನಿಗೆ ಸಾಲಿನ ಲೆಕ್ಕ ಗೊತ್ತಿರುತ್ತದೆಯೇ ಹೊರತು ತೊಗರಿ ಎಷ್ಟು ಆರ್ ಎಂಬುದು ಗೊತ್ತಿರುವುದಿಲ್ಲ. ನಮೂನೆ 12ರ ಕೋಷ್ಟಕ ಈ ಪ್ರಶ್ನೆಯನ್ನು ತಲಾಠಿಗೆ ಕೇಳುತ್ತಿದ್ದಾಗ ಅವನು ಅಂದಾಜಿನ ಮೇಲೆ ಬರೆದು ಮುಗಿಸುತ್ತಿದ್ದನು. ಅಣ್ಣತಮ್ಮಂದಿರು ಬಾಯಿಮಾತಿನಲ್ಲಿ ಹಿಸ್ಸೆ ಮಾಡಿಕೊಂಡು ಉತಾರದಲ್ಲಿ ಮಾತ್ರ ಒಂದೇ ಖಾತೆಯಾಗಿ ಉಳಿದಿದ್ದರೆ, ಒಬ್ಬನು ಪೂರ್ತಿ ಕ್ಷೇತ್ರಕ್ಕೆ ತನ್ನ ಬೆಳೆ ನಮೂದಿಸಿದ ಮೇಲೆ ಉಳಿದವರ ಬೆಳೆಗೆ ಎಡೆಯೇ ಇರುವುದಿಲ್ಲ. ಇದನ್ನು ಫೋನು ಸರಿಪಡಿಸಲಾರದು.

ಮೂರನೆಯ ತೊಡಕು ಹೊಲದಲ್ಲಿ ನಿಲ್ಲುವುದಕ್ಕೆ ಸಂಬಂಧಿಸಿದ್ದು. ಬೆಳೆಯ ಫೋಟೋದ ಜೊತೆಗೆ ಆ ಜಾಗದ ಅಕ್ಷಾಂಶ, ರೇಖಾಂಶಗಳೂ ದಾಖಲಾಗುವುದರಿಂದ ಫೋನಿನ ಲೊಕೇಶನ್ ಚಾಲೂ ಇರಬೇಕು, ಕ್ಯಾಮೆರಾಕ್ಕೂ ಲೊಕೇಶನ್‌ಗೂ ಅನುಮತಿ ಕೊಟ್ಟಿರಬೇಕು. ಮರದಡಿ ನಿಲ್ಲದೆ ಬಯಲಿಗೆ ಬಂದು ತುಸು ಕಾಯಬೇಕು. ಕೇಂದ್ರ ಸರ್ಕಾರದ ಕೃಷಿ ದತ್ತಾಂಶ ಯೋಜನೆಯಾದ ಅಗ್ರಿಸ್ಟ್ಯಾಕ್‌ಗೆ ಜೋಡಿಸಿ ಬಂದ ಡಿಜಿಟಲ್ ಬೆಳೆ ಸಮೀಕ್ಷೆಯ ಆವೃತ್ತಿಯು, 2024ರ ಹಿಂಗಾರಿನಿಂದ ಇಡೀ ರಾಜ್ಯಕ್ಕೆ ವಿಸ್ತರಿಸಿದ್ದು, ರೈತ ನಿಂತ ಜಾಗವನ್ನು ಗ್ರಾಮ ನಕಾಶೆಯ ಗಟ್ ಗಡಿಯೊಂದಿಗೆ ಹೋಲಿಸಿ ನೋಡುತ್ತದೆ. ನಕಾಶೆಯಾದರೋ ಸರಪಳಿ ಹಿಡಿದು ಅಳೆದು ಕಾಗದಕ್ಕಿಳಿಸಿದ ಹಳೆಯದು. ಅದನ್ನು ಉಪಗ್ರಹದ ಅಳತೆಗೆ ಕೂಡಿಸುವಾಗ ಗೆರೆ ಸರಿದಿದ್ದರೆ, ತಲೆಮಾರುಗಳಿಂದ ಉಳುತ್ತ ಬಂದ ಹೊಲದಲ್ಲಿ ನಿಂತವನಿಗೂ ನೀನು ಹೊಲದ ಹೊರಗಿದ್ದೀ ಎಂಬ ಸೂಚನೆ ಬರುತ್ತದೆ. ಬದುವಿನಿಂದ ದೂರ ಸರಿದು ಹೊಲದ ನಡುಭಾಗಕ್ಕೆ ಹೋಗಿ ಮತ್ತೆ ಪ್ರಯತ್ನಿಸುವುದು ರೈತನ ಕೈಯಲ್ಲಿದೆ. ನಕಾಶೆಯನ್ನು ತಿದ್ದುವುದು ಅವನ ಕೈಯಲ್ಲಿಲ್ಲ.

ಸಿಗ್ನಲ್ ಇಲ್ಲದ ಮರಡಿಗಳಲ್ಲಿ ನಮೂದನ್ನು ಫೋನಿನಲ್ಲೇ ಉಳಿಸಿಕೊಂಡು, ಸಿಗ್ನಲ್ ಸಿಗುವಲ್ಲಿಗೆ ಬಂದು ಅಪ್‌ಲೋಡ್ ಮಾಡುವ ಅವಕಾಶ ಮೊದಲಿನಿಂದಲೂ ಇತ್ತು. ಆದರೆ ಹೊಸ ಆವೃತ್ತಿ ಬಂದಾಗ ಹಳೆಯದನ್ನು ತೆಗೆದುಹಾಕಬೇಕಾಗುವುದರಿಂದ, ಕಳುಹಿಸದೆ ಉಳಿದ ನಮೂದು ಅದರೊಂದಿಗೇ ಅಳಿಯುತ್ತದೆ ಎಂಬ ಎಚ್ಚರ ಬೇಕು. 2022ರ ಆಗಸ್ಟಿನಲ್ಲಿ ಬಂದ ಎರಡನೆಯ ಆವೃತ್ತಿ 48 ಗಂಟೆಗಳೊಳಗೆ ತಪ್ಪು ತಿದ್ದಲು ಅವಕಾಶ ಕೊಟ್ಟಿತು; ರೈತರ ನಮೂದುಗಳಲ್ಲಿ ಶೇ. 10ನ್ನು ಮಾತ್ರ ತಲಾಠಿ ಪರಿಶೀಲಿಸಿದರೆ ಸಾಕೆಂದು ಗೊತ್ತುಪಡಿಸಲಾಯಿತು. ಗಡಿಯಾಚೆಯ ಚಡಚಣ, ತಿಕೋಟಾ, ಅಥಣಿಗಳ ರೈತರು ಇ-ಪೀಕ್ ಪಾಹಣಿ ಜಾರಿಗೆ ಬರುವ ಒಂದು ವರ್ಷ ಮೊದಲೇ, 2020ರ ಮುಂಗಾರಿನಲ್ಲಿ, ಕರ್ನಾಟಕದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ಇದೇ ಕೆಲಸವನ್ನು ಕನ್ನಡದಲ್ಲಿ ಮಾಡತೊಡಗಿದ್ದರು. ಜತ್ತದ ಕನ್ನಡಿಗರಿಗೆ ಆ ಸೌಕರ್ಯ ದಕ್ಕದಿರುವುದಕ್ಕೆ ತಂತ್ರಜ್ಞಾನದ ಕಾರಣವಂತೂ ಇಲ್ಲ.

ಡಿಜಿಟಲ್ ಸಮೀಕ್ಷೆಯ 2024ರ ಹಿಂಗಾರಿಗೆ ಡಿಸೆಂಬರ್ 1ರಿಂದ ಜನವರಿ 15ರವರೆಗಿನ ಅವಧಿಯನ್ನು ರೈತರಿಗೆ ಬಿಟ್ಟು, ಅನಂತರ ಉಳಿದ ಹೊಲಗಳನ್ನು ಊರಿಗೊಬ್ಬನಂತೆ ನೇಮಿಸಿದ ‘ಸಹಾಯಕ’ ಹೋಗಿ ನೋಡಿ ದಾಖಲಿಸಬೇಕೆಂದು ವಿಧಿಸಲಾಯಿತು. ಅದೇ ವರ್ಷ ತಲಾಠಿಯ ಹುದ್ದೆಗೆ ‘ಗ್ರಾಮ ಮಹಸೂಲ್ ಅಧಿಕಾರಿ’ ಎಂಬ ಹೊಸ ಹೆಸರು ಬಂದಿತು. ರೈತ ಆ್ಯಪಿನಲ್ಲಿ ಮುಗಿಸಲಾಗದೆ ಬಿಟ್ಟ ಗಟ್‌ಗಳು ಹೀಗೆ ಸಹಾಯಕನ ಕೈಗೆ ಹೋಗುತ್ತವೆ, ಅವನಿಗೂ ಫೋನು ಅದೇ, ನಕಾಶೆಯೂ ಅದೇ.