ಬಾಡಿಗೆ ಮನೆ ಮತ್ತು ಬರಹದ ಸಾಕ್ಷಿ: ಒಂದು ಇತಿಹಾಸದ ನೋಟ



ಶಾಲೆಗಳಿಗೆ ಬೇಸಿಗೆ ರಜೆ ಬಂದೊಡನೆ ಮಿಸೌರಿ ಸಿಟಿ ಮತ್ತು ಹ್ಯೂಸ್ಟನ್ ಸುತ್ತಮುತ್ತ ಮನೆ ಬದಲಾಯಿಸುವ ಕಾಲ ಆರಂಭವಾಗುತ್ತದೆ. ಡಲ್ಲಾಸ್, ಆಸ್ಟಿನ್‌ಗಳಿಂದ ಬರುವವರು, ಭಾರತದಿಂದ ನೇರವಾಗಿ ಬಂದಿಳಿಯುವ ಹೊಸ ಕುಟುಂಬಗಳು, ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋಗುವವರು, ಎಲ್ಲರಿಗೂ ಒಂದೇ ಚಿಂತೆ: ಕೊಟ್ಟ ಡೆಪಾಸಿಟ್ ಹಿಂದಿರುಗಿ ಬಂದೀತೆ? ಈ ಚಿಂತೆ ಹೊಸದಲ್ಲ. ಇದರ ಹಿಂದೆ ಶತಮಾನಗಳ ಇತಿಹಾಸವಿದೆ. ಅದನ್ನು ತಿಳಿದರೆ ಇಂದು ನಾವು ಮಾಡಬೇಕಾದ ಕೆಲಸವೂ ಸ್ಪಷ್ಟವಾಗುತ್ತದೆ.

ನಾವು ವಾಸಿಸುವ ಊರಿನಿಂದಲೇ ಆರಂಭಿಸಬಹುದು. 1890ರ ದಶಕದಲ್ಲಿ ಹ್ಯೂಸ್ಟನ್ನಿನ ಭೂವ್ಯಾಪಾರಿಗಳು ಇಲ್ಲಿನ ರೈಲುಹಾದಿಯ ಬದಿಯ ಜಮೀನನ್ನು ಕೊಂಡು, ದೂರದ ಸೇಂಟ್ ಲೂಯಿಸ್ ನಗರದ ಸುತ್ತಮುತ್ತ ಜಾಹೀರಾತು ನೀಡಿದರು. ಮಿಸೌರಿ ರಾಜ್ಯದ ಜನರನ್ನು ಸೆಳೆಯಲೆಂದೇ ಊರಿಗೆ ಈ ಹೆಸರು ಬಂದಿತು. ಹಿತವಾದ ಬಿಸಿಲಿನ ನಾಡೆಂದು ನಂಬಿ ಬಂದವರನ್ನು 1895ರ ಫೆಬ್ರವರಿಯಲ್ಲಿ ಸ್ವಾಗತಿಸಿದ್ದು ಹಿಮಪಾತ. ಹ್ಯೂಸ್ಟನ್ನಿನಲ್ಲಿ ಆಗ ಸುಮಾರು 20 ಅಂಗುಲ ಹಿಮ ಬಿದ್ದಿತ್ತು. ಕಾಗದದ ಮೇಲಿನ ಮಾತಿಗೂ ಕಣ್ಣೆದುರಿನ ಸ್ಥಿತಿಗೂ ಇರುವ ಅಂತರವನ್ನು ಈ ಊರು ಹುಟ್ಟಿನಿಂದಲೇ ಬಲ್ಲದು.

ಮನೆಯೊಡೆಯ ಮತ್ತು ಬಾಡಿಗೆದಾರರ ಕಲಹವಂತೂ ಇದಕ್ಕಿಂತ ಬಹಳ ಹಳೆಯದು. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿಯೇ ಇದರ ಪ್ರಸ್ತಾಪವಿದೆ. ಬಿಡೆಂದರೂ ಮನೆ ಬಿಡದ ಬಾಡಿಗೆದಾರನಿಗೆ ದಂಡ. ಬಾಡಿಗೆ ತೆತ್ತವನನ್ನು ಹೊರದೂಡುವ ಒಡೆಯನಿಗೂ ದಂಡ. ನ್ಯಾಯದ ತಕ್ಕಡಿ ಎರಡೂ ಕಡೆ ತೂಗಬೇಕೆಂಬ ವಿವೇಕ ಅಲ್ಲಿಯೇ ಕಾಣುತ್ತದೆ.

ಇಂಗ್ಲೆಂಡಿನಲ್ಲಿ ತಕ್ಕಡಿ ಒಂದು ಕಡೆಗೆ ವಾಲಿತ್ತು. 1278ರ ಗ್ಲಾಸ್ಟರ್ ಶಾಸನದ ಪ್ರಕಾರ, ತನ್ನ ವಶದಲ್ಲಿದ್ದ ಆಸ್ತಿಯನ್ನು ಹಾಳುಗೆಡವಿದ ಒಕ್ಕಲು ಆ ಸ್ಥಳವನ್ನು ಕಳೆದುಕೊಳ್ಳುವುದರ ಜೊತೆಗೆ ನಷ್ಟದ ಮೂರು ಪಟ್ಟು ತೆರಬೇಕಾಗಿತ್ತು. ಈ ಮೂರು ಪಟ್ಟಿನ ಲೆಕ್ಕವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಅದು ಟೆಕ್ಸಾಸ್‌ನಲ್ಲಿ ಮತ್ತೆ ಎದುರಾಗುತ್ತದೆ. ಬ್ರಿಟಿಷರು ಭಾರತದಲ್ಲಿ ತಂದ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಪ್ರಕರಣ ಸ್ವಲ್ಪ ಉದಾರವಾಯಿತು: ಸ್ವಾಧೀನಕ್ಕೆ ಪಡೆದಾಗ ಆಸ್ತಿ ಹೇಗಿತ್ತೋ ಹಾಗೆಯೇ ಒಪ್ಪಿಸಬೇಕು, ಆದರೆ ಸಹಜ ಸವಕಳಿಗೆ ವಿನಾಯಿತಿ ಉಂಟು. ಇಲ್ಲಿಯೇ ಮೂಲ ಪ್ರಶ್ನೆ ಹುಟ್ಟುತ್ತದೆ. ಪಡೆದಾಗ ಆಸ್ತಿ ಹೇಗಿತ್ತು? ಹೇಳುವವರು ಯಾರು?

ನಮ್ಮ ಬೆಂಗಳೂರು ಈ ಪ್ರಶ್ನೆಯನ್ನು ನಂಬಿಕೆಯಿಂದ ಬಗೆಹರಿಸಿಕೊಂಡಿತು. 1898ರ ಪ್ಲೇಗಿನ ಹೊತ್ತಿನಲ್ಲಿ ರೂಪುಗೊಂಡ ಬಸವನಗುಡಿ, ಮಲ್ಲೇಶ್ವರಗಳಲ್ಲಿಯೂ ಹಳೆಯ ಪೇಟೆಯ ವಠಾರಗಳಲ್ಲಿಯೂ ಮನೆಯೊಡೆಯರು ಅಲ್ಲಿಯೇ, ಬಾಡಿಗೆದಾರರ ಪಕ್ಕದಲ್ಲಿಯೇ ಇರುತ್ತಿದ್ದುದುಂಟು. ಗೋಡೆ ಬಿರುಕು ಬಿಟ್ಟದ್ದು ಯಾವಾಗ ಎಂಬುದಕ್ಕೆ ವಠಾರವೇ ಸಾಕ್ಷಿ. ಮುಂದೆ 10 ತಿಂಗಳ ಅಡ್ವಾನ್ಸ್, 11 ತಿಂಗಳ ಕರಾರು, ಬಿಡುವಾಗ ಸುಣ್ಣಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವುದು ರೂಢಿಯಾದವು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದುದೇ ಆ 11 ತಿಂಗಳ ಗುಟ್ಟು. ಈ ಮುರಿತವನ್ನು ಪ್ರಶ್ನಿಸದೆ ಒಪ್ಪಿ ಬೆಳೆದ ನಾವು ಅದೇ ಮನೋಭಾವವನ್ನು ಇಲ್ಲಿಗೂ ಹೊತ್ತು ತಂದಿದ್ದೇವೆ.

ಆದರೆ ಟೆಕ್ಸಾಸ್‌ನ ಕಾನೂನು ಬೇರೆ ದಾರಿ ಹಿಡಿದಿದೆ. 1973ರಲ್ಲಿ ಇಲ್ಲಿನ ಶಾಸನಸಭೆ ಡೆಪಾಸಿಟ್ ಕುರಿತು ಪ್ರತ್ಯೇಕ ಕಾನೂನು ಮಾಡಿತು. 1978ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ಕಾಮರಾತ್ ಮತ್ತು ಬೆನೆಟ್ ಪ್ರಕರಣದಲ್ಲಿ, ಬಾಡಿಗೆಗೆ ಕೊಡುವ ಮನೆ ವಾಸಯೋಗ್ಯವಾಗಿರುತ್ತದೆ ಎಂಬ ಭರವಸೆ ಕರಾರಿನಲ್ಲಿ ಬರೆಯದಿದ್ದರೂ ಅಡಗಿರುತ್ತದೆಂದು ತೀರ್ಪಿತ್ತಿತು. ಇಂದು ಈ ನಿಯಮಗಳು ಟೆಕ್ಸಾಸ್ ಪ್ರಾಪರ್ಟಿ ಕೋಡ್‌ನ 92ನೇ ಅಧ್ಯಾಯದಲ್ಲಿವೆ. ಮನೆ ತೆರವಾದ 30 ದಿನಗಳೊಳಗೆ ಡೆಪಾಸಿಟ್ ಮರಳಿಸಬೇಕು. ಮುರಿದುಕೊಂಡರೆ ಬಾಬುವಾರು ಪಟ್ಟಿ ಕೊಡಬೇಕು. ಸಹಜ ಸವಕಳಿಗೆ ಒಂದು ಡಾಲರನ್ನೂ ಹಿಡಿಯುವಂತಿಲ್ಲ. ದುರುದ್ದೇಶದಿಂದ ತಡೆಹಿಡಿದ ಒಡೆಯ 100 ಡಾಲರ್ ಮತ್ತು ಅನ್ಯಾಯವಾಗಿ ಹಿಡಿದ ಮೊತ್ತದ ಮೂರು ಪಟ್ಟು ತೆರಬೇಕು, ವಕೀಲರ ಶುಲ್ಕ ಬೇರೆ. ಗ್ಲಾಸ್ಟರ್‌ನಲ್ಲಿ ಒಕ್ಕಲಿನ ಮೇಲಿದ್ದ ಮೂರು ಪಟ್ಟಿನ ಭಾರ ಏಳು ಶತಮಾನಗಳ ಬಳಿಕ ಒಡೆಯನ ಹೆಗಲೇರಿದೆ. ಆದರೂ ಬಾಡಿಗೆದಾರನಿಗೆ ಒಂದು ಕರ್ತವ್ಯವಿದೆ: ತನ್ನ ಹೊಸ ವಿಳಾಸವನ್ನು ಬರಹದಲ್ಲಿ ತಿಳಿಸಬೇಕು. ಅದನ್ನು ಕೊಡುವವರೆಗೆ ಒಡೆಯನಿಗೆ ಹಣ ಮರಳಿಸುವ ಬಾಧ್ಯತೆಯಿಲ್ಲ.

ಹವಾಮಾನವೂ ಈ ಇತಿಹಾಸದ ಪಾತ್ರಧಾರಿ. 2017ರ ಆಗಸ್ಟ್‌ನಲ್ಲಿ ಹಾರ್ವಿ ಚಂಡಮಾರುತ ಬಂದಾಗ ಬ್ರಾಜೋಸ್ ನದಿ ಉಕ್ಕಿತು. ಫೋರ್ಟ್ ಬೆಂಡ್ ಕೌಂಟಿಯ ಎಷ್ಟೋ ಮನೆಗಳಿಗೆ ನೀರು ನುಗ್ಗಿತು. 2021ರ ಫೆಬ್ರವರಿಯ ಚಳಿಯಲ್ಲಿ ಕೊಳವೆಗಳು ಒಡೆದು ಛಾವಣಿಗಳು ನೆನೆದವು. 2022ರ ಜನವರಿಯಿಂದ, ಮನೆ ಪ್ರವಾಹ ವಲಯದಲ್ಲಿದೆಯೇ, ಹಿಂದಿನ ಐದು ವರ್ಷಗಳಲ್ಲಿ ಮುಳುಗಿತ್ತೇ ಎಂಬುದನ್ನು ಒಡೆಯರು ಬಾಡಿಗೆದಾರರಿಗೆ ಲಿಖಿತವಾಗಿ ತಿಳಿಸಬೇಕಾಗಿದೆ. ವೃತ್ತಿಯಿಂದ ವೈದ್ಯರಾದ ನಮಗೆ ಇದು ಕೇವಲ ಹಣದ ಮಾತಲ್ಲ. ನೆನೆದ ಗೋಡೆಯಲ್ಲಿ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯಬಹುದು. ಹೊಸ ಬಣ್ಣ ಅದನ್ನು ಮರೆಮಾಡುತ್ತದೆಯೇ ಹೊರತು ನಿವಾರಿಸುವುದಿಲ್ಲ. ಆಸ್ತಮಾ ಇರುವ ಮಗುವಿನ ಉಸಿರಾಟ ಅದರಿಂದ ಹದಗೆಡಬಹುದು.

ರೋಗಿ ಆಸ್ಪತ್ರೆಗೆ ದಾಖಲಾದಾಗ ಮೈಮೇಲಿನ ಹಳೆಯ ಗಾಯಗಳನ್ನೂ ಬರೆದಿಡುವುದು ವೈದ್ಯರ ಪದ್ಧತಿ. ಯಾವುದು ಮೊದಲೇ ಇತ್ತು, ಯಾವುದು ನಂತರ ಆಯಿತು ಎಂಬುದು ಮುಂದೆ ಆ ಬರಹದಿಂದಲೇ ತಿಳಿಯುತ್ತದೆ. ಮನೆಗೂ ಅದೇ ನ್ಯಾಯ. ಸಾಮಾನು ಇಳಿಸುವ ಮೊದಲೇ ಪ್ರತಿ ಕೋಣೆಯ ವಿಡಿಯೋ ಮಾಡಿರಿ. ಸಿಂಕಿನ ಕೆಳಭಾಗ, ಛಾವಣಿಯ ಕಲೆ, ಕಾರ್ಪೆಟ್ಟಿನ ಅಂಚು, ಕಿಟಕಿಯ ಬ್ಲೈಂಡ್ಸ್, ಎಸಿ ಫಿಲ್ಟರ್, ಸ್ಮೋಕ್ ಅಲಾರ್ಮ್ ಬಿಟ್ಟುಹೋಗದಿರಲಿ. ಕರಾರಿನೊಂದಿಗೆ ಕೊಡುವ ಸ್ಥಿತಿಪತ್ರವನ್ನು ಹೇಳಿದ ಅವಧಿಯೊಳಗೆ ತುಂಬಿಸಿ, ಚಿತ್ರಗಳೊಡನೆ ಇಮೇಲ್ ಮಾಡಿದರೆ ದಿನಾಂಕಕ್ಕೂ ಸಾಕ್ಷಿ ದೊರೆಯುತ್ತದೆ. ನಡುವೆ ದುರಸ್ತಿ ಬೇಕಾದರೆ ಬರಹದಲ್ಲಿಯೇ ಕೇಳಿರಿ. ಆಗ ಬಾಡಿಗೆ ಬಾಕಿ ಉಳಿದಿರಬಾರದು, ಏಕೆಂದರೆ ಬಾಕಿದಾರನಿಗೆ ದುರಸ್ತಿಯ ಹಕ್ಕು ದುರ್ಬಲವಾಗುತ್ತದೆ. ಬಿಡುವ ದಿನ ಮನೆ ಶುಚಿಗೊಳಿಸಿ ಅದೇ ಕ್ರಮದಲ್ಲಿ ಮತ್ತೊಂದು ವಿಡಿಯೋ ಮಾಡಿರಿ. ಮಾತುಕತೆಯಿಂದ ಬಗೆಹರಿಯದಿದ್ದರೆ, 20,000 ಡಾಲರ್‌ವರೆಗಿನ ವ್ಯಾಜ್ಯಗಳನ್ನು ಕೇಳುವ ಜಸ್ಟಿಸ್ ಕೋರ್ಟ್ ಇದೆ. ಅಲ್ಲಿ ವಕೀಲರಿಲ್ಲದೆಯೂ ವಾದಿಸಬಹುದು.

ನಮ್ಮ ಸದಸ್ಯರಲ್ಲಿ ಬಾಡಿಗೆದಾರರಿರುವಂತೆ ಇಲ್ಲಿಯೂ ಬೆಂಗಳೂರು, ಮೈಸೂರುಗಳಲ್ಲಿಯೂ ಮನೆಯೊಡೆಯರಿದ್ದಾರೆ. ಸ್ಥಿತಿಪತ್ರ ಇಬ್ಬರನ್ನೂ ಕಾಯುತ್ತದೆ. ಪರಿಚಿತ ಕನ್ನಡಿಗರ ನಡುವಿನ ಕರಾರಿಗಂತೂ ಅದು ಇನ್ನೂ ಅಗತ್ಯ, ಏಕೆಂದರೆ ಅಲ್ಲಿ ಹಣದ ಜೊತೆಗೆ ಸ್ನೇಹವೂ ಪಣಕ್ಕಿರುತ್ತದೆ. ಈ ಬೇಸಿಗೆಯಲ್ಲಿ ಮನೆ ಹುಡುಕುತ್ತಿರುವ ಹೊಸ ಕುಟುಂಬಗಳಿಗೆ ಈ ವಿಷಯ ತಿಳಿಸಿ. ಸಾಧ್ಯವಾದರೆ ಬೀಗದ ಕೈ ಪಡೆಯುವ ದಿನ ಜೊತೆಗೆ ಹೋಗಿ, ಅವರ ಪಟ್ಟಿ ತುಂಬಿಸಲು ನೆರವಾಗಿರಿ.